ಲೂಯಿ ದ ಫ್ಯುನೆಸ್: ಮೊದಲು ಯಾವ ಸಿನಿಮಾ ನೋಡೋಣ?

ಎರಡು ವರ್ಷದ ಹಿಂದೆ ಭಾವ ಪ್ಯಾರಿಸ್‌ನಿಂದ ಬರುವಾಗ ಒಂದು ಡಿವಿಡಿ ತಂದುಕೊಟ್ಟರು. ಮನೆಯ ಪ್ಲೇಯರ್‌ಗೆ ಹಾಕಿದರೆ ಓಡಲೇ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಹೇಗೋ ಓಡಿತು, ಆದರೆ ಸಬ್‌ಟೈಟಲ್ ಇದ್ದದ್ದು ಫ್ರೆಂಚಿನಲ್ಲಿ ಮಾತ್ರ. ಆದದ್ದಾಗಲಿ ಅಂತ ಹಾಗೇ ನೋಡತೊಡಗಿದೆವು. ಪಕ್ಕದಲ್ಲಿ ಸೋದರತ್ತೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ತೆರೆಯ ಮೇಲೆ ಬೋಳುತಲೆಯ ಕುಳ್ಳನೊಬ್ಬ ಸಿಟ್ಟು ತಡೆಯಲಾಗದೆ ತನ್ನ ಮೂಗನ್ನೇ ಹಿಡಿದು ಎಳೆದ. ಕೈಯಲ್ಲೇನೂ ಇಲ್ಲ, ಆದರೂ ಮೂಗು ಮಾರುದ್ದ ಬೆಳೆದದ್ದು ನಮಗೆ ಕಾಣಿಸಿತು. ಆ ಉದ್ದ ಮೂಗನ್ನು ಪಿಟೀಲಿನ ಹಾಗೆ ನುಡಿಸಿದ. ಅತ್ತೆ ಮೊರ ಪಕ್ಕಕ್ಕಿಟ್ಟು, 'ಅಯ್ಯೋ ಇವನಿಗೇನಾಯ್ತೋ' ಅಂತ ಕಣ್ಣೊರೆಸಿಕೊಂಡು ನಕ್ಕರು. ಒಂದು ಫ್ರೆಂಚ್ ಪದವೂ ಅವರಿಗೆ ಗೊತ್ತಿಲ್ಲ.

ಆ ಕುಳ್ಳನೇ ಫ್ರಾನ್ಸಿನ ಹಾಸ್ಯನಟ ಲೂಯಿ ದ ಫ್ಯುನೆಸ್. ಅವತ್ತಿನಿಂದ ಮನೆಯವರು, ಆಫೀಸಿನವರು, ಊರಿನವರು ಎಲ್ಲರದೂ ಒಂದೇ ಪ್ರಶ್ನೆ: ಇವನದ್ದು ಎಲ್ಲಿಂದ ಶುರು ಮಾಡೋದು? ಪ್ರಶ್ನೆ ಸಣ್ಣದು, ಆದರೆ ಈತ ಕಾಣಿಸಿಕೊಂಡ ಸಿನಿಮಾಗಳು ನೂರಕ್ಕೂ ಜಾಸ್ತಿ. ಕಣ್ಣುಮುಚ್ಚಿ ಒಂದನ್ನು ಎತ್ತಿಕೊಂಡರೆ ಎರಡು ನಿಮಿಷ ಬಂದು ಹೋಗುವ ಬಾಗಿಲು ಕಾಯುವವನ ಪಾತ್ರ ಸಿಗಬಹುದು. ಆಮೇಲೆ 'ಇದರಲ್ಲೇನಿದೆ' ಅಂತ ನನ್ನನ್ನೇ ಬೈಯುತ್ತೀರಿ.

ಆಯ್ಕೆಗೆ ಮುಂಚೆ ಈತನ ದಾರಿ ಸ್ವಲ್ಪ ಗೊತ್ತಿರಬೇಕು. ಹುಟ್ಟಿದ್ದು 1914ರಲ್ಲಿ, ಪ್ಯಾರಿಸ್ ಪಕ್ಕದ ಕೂರ್ಬವ್ವಾದಲ್ಲಿ. ಅಪ್ಪ ಅಮ್ಮ ಸ್ಪೇನಿನಿಂದ ಬಂದವರು. ಯುದ್ಧದ ಕಾಲದಲ್ಲಿ ಪ್ಯಾರಿಸ್‌ನ ಪಿಗಾಲ್ ಬಡಾವಣೆಯ ಬಾರುಗಳಲ್ಲಿ ರಾತ್ರಿಯೆಲ್ಲ ಪಿಯಾನೊ ನುಡಿಸಿ ಹೊಟ್ಟೆ ಹೊರೆದ. 1946ರಲ್ಲಿ ಸಿನಿಮಾಕ್ಕೆ ಬಂದ. ಆಮೇಲೆ ಹದಿನೆಂಟು ವರ್ಷ ಸಣ್ಣಪುಟ್ಟ ಪಾತ್ರಗಳೇ. ದೊಡ್ಡ ನಟನಾದದ್ದು 1964ರಲ್ಲಿ, ಐವತ್ತನೇ ವಯಸ್ಸಿಗೆ. ಮುಂದಿನ ಹತ್ತು ವರ್ಷ ಫ್ರಾನ್ಸಿನ ಥಿಯೇಟರುಗಳಲ್ಲಿ ಇವನದೇ ರಾಜ್ಯ. 1975ರ ಮಾರ್ಚಿನಲ್ಲಿ ಒಂದೇ ತಿಂಗಳಲ್ಲಿ ಎರಡು ಸಲ ಹೃದಯಾಘಾತ ಆಯಿತು. ಅಲ್ಲಿಂದ ಮುಂದೆ ಬೇರೆಯೇ ದ ಫ್ಯುನೆಸ್. 1983ರ ಜನವರಿಯಲ್ಲಿ ತೀರಿಕೊಂಡ. ಅಂದರೆ ಸಣ್ಣ ಪಾತ್ರದವನು, ಕುಣಿದಾಡುವವನು, ನಿಧಾನವಾದವನು ಅಂತ ಮೂರು ಜನ ಇದ್ದಾರೆ. ನಿಮಗೆ ಯಾರು ಬೇಕು ಅನ್ನುವುದೇ ಅರ್ಧ ಉತ್ತರ.

ಏನೇನು ನೋಡಿ ಆರಿಸಬೇಕು

ನಾನು ಮೊದಲು ನೋಡುವುದು ಒಂದೇ: ಸಬ್‌ಟೈಟಲ್ ತೆಗೆದುಬಿಟ್ಟರೆ ಎಷ್ಟು ನಗು ಉಳಿಯುತ್ತದೆ? ಕನ್ನಡ ಸಬ್‌ಟೈಟಲ್ ನನಗಂತೂ ಇದುವರೆಗೂ ಸಿಕ್ಕಿಲ್ಲ, ಇಂಗ್ಲಿಷಿನದ್ದೇ ಗತಿ. ಓದುತ್ತಾ ಕೂತರೆ ಮುಖ ತಪ್ಪಿಹೋಗುತ್ತದೆ, ಈತನ ಬಂಡವಾಳ ಇರುವುದೇ ಮುಖದಲ್ಲಿ. ಎರಡನೆಯದು, ಪಕ್ಕದಲ್ಲಿ ಯಾರು ಕೂತಿದ್ದಾರೆ. ಮಕ್ಕಳಿದ್ದರೆ ಒಂದು, ಅತ್ತೆ ಮಾವ ಇದ್ದರೆ ಇನ್ನೊಂದು, ಸಿನಿಮಾ ಹುಚ್ಚಿನ ಗೆಳೆಯರಿದ್ದರೆ ಮತ್ತೊಂದು. ಮೂರನೆಯದು, ಫ್ರಾನ್ಸಿನ ಚರಿತ್ರೆ ಎಷ್ಟು ಗೊತ್ತಿರಬೇಕು. ಇನ್ನು ಸಮಯ, ಕಾಸು ಇದ್ದೇ ಇವೆ. ಅದನ್ನು ಕೊನೆಗೆ ನೋಡೋಣ.

ಸೇಂತ್ರೋಪೇಯ ಜಾಂದಾರ್ಮ್

1964ರಲ್ಲಿ ಬಂದದ್ದು, ನಿರ್ದೇಶಕ ಜ್ಯಾಂ ಜಿರೋ. ಜಾಂದಾರ್ಮ್ ಅಂದರೆ ಹಳ್ಳಿಗಾಡಿನ ಪೊಲೀಸು. ಬೆಟ್ಟದ ಹಳ್ಳಿಯೊಂದರಿಂದ ಕ್ರುಶೋ ಎಂಬ ಕಟ್ಟುನಿಟ್ಟಿನ ಪೊಲೀಸ್ ಸಮುದ್ರ ತೀರದ ಶೋಕಿ ಊರು ಸೇಂತ್ರೋಪೇಗೆ ವರ್ಗವಾಗಿ ಬರುತ್ತಾನೆ. ಹಳ್ಳಿಯ ಭಾಗ ಕಪ್ಪು ಬಿಳುಪು, ಕಡಲೂರು ಬಂದ ತಕ್ಷಣ ಬಣ್ಣ.

ದ ಫ್ಯುನೆಸ್ ಯಾಕೆ ದ ಫ್ಯುನೆಸ್ ಅನ್ನುವುದು ಇಲ್ಲಿ ಸಲೀಸಾಗಿ ಅರ್ಥವಾಗುತ್ತದೆ. ಮೇಲಿನವರ ಮುಂದೆ ಬೆನ್ನು ಬಿಲ್ಲಿನಂತೆ ಬಗ್ಗುತ್ತದೆ, ಬಾಯಲ್ಲಿ ಬೆಣ್ಣೆ. ತಿರುಗಿದರೆ ಕೈಕೆಳಗಿನವನು ನಿಂತಿದ್ದಾನೆ, ಅಷ್ಟರಲ್ಲಿ ಅದೇ ಮುಖ ಹುಲಿಯದ್ದಾಗಿರುತ್ತದೆ. ನಡುವೆ ಒಂದು ಸೆಕೆಂಡೂ ಇಲ್ಲ. ಸರ್ಕಾರಿ ಕಚೇರಿಯ ಕೌಂಟರಿನಲ್ಲಿ ಒಂದು ಗಂಟೆ ನಿಂತವರಿಗೆ ಈ ಮನುಷ್ಯ ಹೊಸಬನಲ್ಲ. ಮಿಶೆಲ್ ಗಲಾಬ್ರು ಮಾಡಿದ ಮೇಲಧಿಕಾರಿ ಸ್ಥೂಲ, ಮಂದ. ಅವನೆದುರು ಇವನ ಚುರುಕು ಇನ್ನೂ ಎದ್ದು ಕಾಣುತ್ತದೆ. ಒಂದು ಸನ್ಯಾಸಿನಿ ತನ್ನ ಪುಟ್ಟ ಸಿತ್ರೋಯೆನ್ ಕಾರನ್ನು ಯಮವೇಗದಲ್ಲಿ ಓಡಿಸುವ ದೃಶ್ಯವಿದೆ, ಮಕ್ಕಳು ಅದನ್ನು ಮತ್ತೆ ಹಾಕಿ ಅನ್ನುತ್ತಾರೆ.

ಒಂದು ಎಚ್ಚರಿಕೆ. ಬೀಚಿನಲ್ಲಿ ಬಟ್ಟೆ ಇಲ್ಲದೆ ಮಲಗುವವರನ್ನು ಹಿಡಿಯುವುದೇ ಕ್ರುಶೋನ ದೊಡ್ಡ ಕೆಲಸ. ಅಶ್ಲೀಲ ಅನ್ನಿಸುವುದಿಲ್ಲ, ದೂರದಿಂದ ತೋರಿಸುತ್ತಾರೆ, ಆದರೂ ಮಾವನವರ ಜೊತೆ ಕೂತಿದ್ದರೆ ರಿಮೋಟ್ ಕೈಯಲ್ಲಿರಲಿ. ಇನ್ನೊಂದು ತಕರಾರು ನನ್ನದು: ಕಥೆ ತೆಳು. ಮಗಳ ಸುಳ್ಳು, ಕದ್ದ ಚಿತ್ರಪಟ, ಓಡಾಟ, ಮುಗಿಯಿತು. ಗೆದ್ದಿತು ಅಂತ 1982ರವರೆಗೆ ಒಟ್ಟು ಆರು ಭಾಗ ತೆಗೆದರು. ಐದನೆಯದರಲ್ಲಿ ಬೇರೆ ಗ್ರಹದವರೂ ಬರುತ್ತಾರೆ. ಮೊದಲನೆಯದು ನೋಡಿ. ಇಷ್ಟವಾದರೆ 1968ರ ಮೂರನೆಯದು ನೋಡಿ, ಕ್ರುಶೋ ಮದುವೆಯಾಗುವುದು ಅದರಲ್ಲಿ. ಹೆಂಡತಿ ಪಾತ್ರದ ಕ್ಲೋದ್ ಜೆನ್ಸಾಕ್ ಆಮೇಲೆ ತೆರೆಯ ಮೇಲೆ ಅವನ ಖಾಯಂ ಹೆಂಡತಿಯೇ ಆಗಿಬಿಟ್ಟಳು. ಉಳಿದವು ಸುಮ್ನೆ ಇಟ್ಟಿರಲಿ.

ಲ ಗ್ರಾಂದ್ ವಾದ್ರೂಯ್

ಎಲ್ಲರೂ ಮೊದಲು ಹೇಳುವ ಹೆಸರು ಇದೇ. 1966ರದ್ದು. ಫ್ರಾನ್ಸಿನಲ್ಲಿ 1 ಕೋಟಿ 70 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಾಟವಾಯಿತು. ಆಗ ಇಡೀ ದೇಶದ ಜನಸಂಖ್ಯೆಯೇ ಸುಮಾರು 5 ಕೋಟಿ. ಫ್ರೆಂಚ್ ಸಿನಿಮಾಗಳಲ್ಲಿ ಆ ದಾಖಲೆ ಮುರಿಯಲು 2008ರವರೆಗೆ ಕಾಯಬೇಕಾಯಿತು. ನಿರ್ದೇಶಕ ಜೆರಾರ್ ಊರಿ. ಜೊತೆಗೆ ಬೂರ್ವಿಲ್, ನಿಧಾನಸ್ಥ, ಸಾಧು ಮುಖದ ನಟ.

ನಾಜಿಗಳ ಕೈಯಲ್ಲಿದ್ದ ಪ್ಯಾರಿಸ್. ಬ್ರಿಟಿಷ್ ವಿಮಾನ ಬೀಳುತ್ತದೆ, ಪ್ಯಾರಾಚೂಟಿನಲ್ಲಿ ಇಳಿದವರು ಒಬ್ಬೊಬ್ಬರು ಒಂದೊಂದು ಕಡೆ. ಆರ್ಕೆಸ್ಟ್ರಾ ನಡೆಸುವ ಗರ್ವಿಷ್ಠ ದ ಫ್ಯುನೆಸ್, ಗೋಡೆಗೆ ಬಣ್ಣ ಬಳಿಯುವ ಬೂರ್ವಿಲ್, ಇಬ್ಬರೂ ಬೇಡ ಬೇಡ ಅನ್ನುತ್ತಲೇ ಅವರನ್ನು ಗಡಿ ದಾಟಿಸಲು ಹೊರಡುತ್ತಾರೆ.

ಇದರಲ್ಲಿ ಒಂದು ಸ್ನಾನಗೃಹದ ದೃಶ್ಯವಿದೆ. ಹಬೆ ತುಂಬಿದ ಕೋಣೆಯಲ್ಲಿ ಮೀಸೆಯ ಇಂಗ್ಲಿಷ್ ಪೈಲಟ್‌ನನ್ನು ಹುಡುಕಬೇಕು. ಗುರುತಿಗೆ ಒಂದು ಇಂಗ್ಲಿಷ್ ಹಾಡಿನ ಧಾಟಿ. ದ ಫ್ಯುನೆಸ್, ಬೂರ್ವಿಲ್ ಇಬ್ಬರೂ ಎದುರಿನವನೇ ಇಂಗ್ಲಿಷ್‌ನವನು ಅಂದುಕೊಂಡು ಹರಕುಮುರಕು ಇಂಗ್ಲಿಷಿನಲ್ಲಿ ಒದ್ದಾಡುತ್ತಾರೆ. ಕೊನೆಗೆ ಗೊತ್ತಾಗುತ್ತದೆ, ಇಬ್ಬರೂ ಫ್ರೆಂಚರೇ! ಬೆಂಗಳೂರಿನ ಲಿಫ್ಟಿನಲ್ಲಿ ಪಕ್ಕದ ಮನೆಯವರ ಜೊತೆ ಮೂರು ತಿಂಗಳು ಹಿಂದಿಯಲ್ಲಿ ಮಾತಾಡಿ, ಆಮೇಲೆ ಅವರು ದಾವಣಗೆರೆಯವರು ಅಂತ ತಿಳಿದ ನನಗೆ ಈ ದೃಶ್ಯ ವಿವರಿಸುವ ಅಗತ್ಯ ಬೀಳಲಿಲ್ಲ.

ಮಾತಿಲ್ಲದ ನಗುವೂ ಬೇಕಾದಷ್ಟಿದೆ. ಹೋಟೆಲಿನಲ್ಲಿ ಕೋಣೆಗಳು ಅದಲುಬದಲಾಗಿ ದ ಫ್ಯುನೆಸ್ ಗೊರಕೆ ಹೊಡೆಯುವ ಜರ್ಮನ್ ಅಧಿಕಾರಿಯ ಪಕ್ಕ ಮಲಗುವ ಜಾಗಕ್ಕೆ ಸಬ್‌ಟೈಟಲೇ ಬೇಡ. ಮಕ್ಕಳಿಗೂ ಸರಿ, ಹಿರಿಯರಿಗೂ ಸರಿ. ಯುದ್ಧ ಗೊತ್ತಿದ್ದರೆ ಸಾಕು, ಫ್ರಾನ್ಸಿನ ರಾಜಕೀಯ ಗೊತ್ತಿರಬೇಕಿಲ್ಲ.

ಹಾಗಾದರೆ ಇದರಿಂದಲೇ ಶುರು ಮಾಡಬಹುದಲ್ವಾ? ಮಾಡಬಹುದು. ಆದರೆ ಎರಡು ಗಂಟೆಗೂ ಮೇಲಿದೆ, ನಡುವೆ ಸ್ವಲ್ಪ ಎಳೆಯುತ್ತದೆ. ನಗುವಿನ ಅರ್ಧ ಪಾಲು ಬೂರ್ವಿಲ್‌ದು. ದ ಫ್ಯುನೆಸ್ ಒಬ್ಬನನ್ನೇ ಸವಿಯಬೇಕು ಅನ್ನುವವರಿಗೆ ಊಟ ಹಂಚಿಕೊಂಡ ಹಾಗೆ ಅನಿಸಬಹುದು. ನನಗೆ ಹಾಗನ್ನಿಸಲಿಲ್ಲ. ಬೂರ್ವಿಲ್‌ನ ನಿಧಾನದ ಮುಂದೆ ನಿಲ್ಲಿಸಿದಾಗಲೇ ಇವನ ಅವಸರಕ್ಕೆ ಬೆಲೆ. ಇದೇ ಜೋಡಿಯ 1965ರ 'ಲ ಕೊರ್ನಿಯೊ' ಸ್ವಲ್ಪ ಹಗುರ, ಇಟಲಿಯ ರಸ್ತೆಗಳಲ್ಲಿ ಕಾರು ಓಡಿಸುತ್ತಾ ಸಾಗುವ ಕಥೆ. ಅದರ ಮೊದಲ ನಿಮಿಷಗಳಲ್ಲೇ ಬೂರ್ವಿಲ್‌ನ ಕಾರು ಗುದ್ದಿಸಿಕೊಂಡು ಚೂರುಚೂರಾಗಿ ಉದುರುತ್ತದೆ, ಕೈಯಲ್ಲಿ ಸ್ಟೀರಿಂಗ್ ಮಾತ್ರ ಉಳಿಯುತ್ತದೆ. ಆದರೆ ಅಲ್ಲಿ ಇಬ್ಬರೂ ಒಟ್ಟಿಗೆ ಇರುವ ಹೊತ್ತು ಕಡಿಮೆ.

ಆಸ್ಕರ್

ಅತ್ತೆ ನಕ್ಕ ಸಿನಿಮಾ ಇದು. ಪ್ರಶಸ್ತಿಗೂ ಇದಕ್ಕೂ ಸಂಬಂಧವಿಲ್ಲ, ಆಸ್ಕರ್ ಒಬ್ಬ ಡ್ರೈವರ್‌ನ ಹೆಸರು. ಮೂಲತಃ ನಾಟಕ. ದ ಫ್ಯುನೆಸ್ ಸಿನಿಮಾಕ್ಕೆ ಮುಂಚೆಯೇ ಇದನ್ನು ರಂಗದ ಮೇಲೆ ನೂರಾರು ಸಲ ಆಡಿದ್ದ. 1967ರಲ್ಲಿ ಎದುವಾರ್ ಮೊಲಿನಾರೊ ಸಿನಿಮಾ ಮಾಡಿದ. ಆಮೇಲೂ 1971ರಲ್ಲಿ ಮತ್ತೆ ರಂಗಕ್ಕೆ ಹೋಗಿ ಅದನ್ನೇ ಆಡಿದ.

ಒಂದೇ ಮನೆ, ಒಂದೇ ಬೆಳಿಗ್ಗೆ. ಶ್ರೀಮಂತ ಉದ್ಯಮಿ ಇನ್ನೂ ಸರಿಯಾಗಿ ಎದ್ದಿಲ್ಲ, ಅಷ್ಟರಲ್ಲಿ ಕಂಪನಿಯ ಹುಡುಗ ಬಂದು ಸಂಬಳ ಜಾಸ್ತಿ ಮಾಡಿ ಅನ್ನುತ್ತಾನೆ. ಆಮೇಲೆ ಮಗಳನ್ನು ಕೊಡಿ ಅನ್ನುತ್ತಾನೆ. ಆಮೇಲೆ ನಿಮ್ಮ ದುಡ್ಡು ಕದ್ದಿದ್ದೇನೆ ಅನ್ನುತ್ತಾನೆ. ಒಂದೇ ಥರದ ಸೂಟ್‌ಕೇಸುಗಳು ಓಡಾಡುತ್ತವೆ, ಒಂದರಲ್ಲಿ ಒಡವೆ, ಇನ್ನೊಂದರಲ್ಲಿ ಕೆಲಸದವಳ ಒಳಬಟ್ಟೆ. ನಮ್ಮ ಹಳೆಯ ಹವ್ಯಾಸಿ ನಾಟಕಗಳಲ್ಲಿ ಒಂದು ಸೋಫಾ, ಮೂರು ಬಾಗಿಲು ಇರುತ್ತಿದ್ದವಲ್ಲ, ಅದೇ ಲೆಕ್ಕ.

ವಿಚಿತ್ರ ಏನೆಂದರೆ ಈತನ ಸಿನಿಮಾಗಳಲ್ಲಿ ಮಾತು ಬಹಳ ಜಾಸ್ತಿ ಇರುವುದರಲ್ಲಿ ಇದೂ ಒಂದು, ಮಾತೇ ಬೇಡದ ಆ ಮೂಗಿನ ದೃಶ್ಯ ಇರುವುದೂ ಇದರಲ್ಲೇ. ಹಾಗಾಗಿ ಸಬ್‌ಟೈಟಲ್ ಇಲ್ಲದೆ ಪೂರ್ತಿ ಕಥೆ ಹಿಡಿಯುವುದು ಕಷ್ಟ. ನಾವು ಹಿಡಿಯಲಿಲ್ಲ. ಎರಡನೇ ಸಲ ಇಂಗ್ಲಿಷ್ ಸಬ್‌ಟೈಟಲ್ ಜೊತೆ ನೋಡಿದಾಗ ಮೊದಲ ಸಲ ನಾವು ಕಟ್ಟಿಕೊಂಡಿದ್ದ ಕಥೆಯೇ ಬೇರೆ ಅಂತ ಗೊತ್ತಾಯಿತು! ಆದರೆ ದ ಫ್ಯುನೆಸ್ ಎಷ್ಟು ಹೊತ್ತು ತೆರೆ ಮೇಲಿದ್ದಾನೆ ಅಂತ ಗಡಿಯಾರ ಹಿಡಿದರೆ ಇದೇ ಮೊದಲು. ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ಫ್ರಾನ್ಸಿನ ಬಗ್ಗೆ ಏನೂ ಗೊತ್ತಿರಬೇಕಿಲ್ಲ, ಮಗಳ ಮದುವೆಯ ತಲೆನೋವು ಗೊತ್ತಿದ್ದರೆ ಸಾಕು. ಮಕ್ಕಳಿಗೆ ಮಾತ್ರ ಬೇಜಾರಾಗುತ್ತದೆ.

ರಬ್ಬಿ ಜಾಕೋಬ್‌ನ ಸಾಹಸಗಳು

1973. ಮತ್ತೆ ಜೆರಾರ್ ಊರಿಯದ್ದೇ ನಿರ್ದೇಶನ. ನನಗೆ ಎಲ್ಲಕ್ಕಿಂತ ಇಷ್ಟ, ಆದರೂ ಮೊದಲ ಸಿನಿಮಾ ಅಂತ ಯಾರಿಗೂ ಹೇಳುವುದಿಲ್ಲ.

ವಿಕ್ತೋರ್ ಪಿವೇರ್ ಒಬ್ಬ ಕಾರ್ಖಾನೆ ಮಾಲೀಕ. ಕರಿಯರು, ಅರಬರು, ಯಹೂದಿಗಳು, ಇಂಗ್ಲಿಷರು, ಯಾರನ್ನು ಕಂಡರೂ ಅವನಿಗೆ ಆಗುವುದಿಲ್ಲ. ವರ್ಷಗಟ್ಟಲೆ ಜೊತೆಗಿದ್ದ ಡ್ರೈವರ್ ಯಹೂದಿ ಅಂತ ಗೊತ್ತಾಗುವುದೇ ದಾರಿಯಲ್ಲಿ ಹೋಗುವಾಗ, ಆ ಕ್ಷಣದ ಮುಖ ನೋಡಬೇಕು. ಅಂಥವನು ಕೊಲೆಗಾರರಿಂದ ತಪ್ಪಿಸಿಕೊಳ್ಳಲು ಒಬ್ಬ ಅರಬ್ ನಾಯಕನ ಜೊತೆ ಯಹೂದಿ ಗುರುವಿನ ವೇಷ ಹಾಕಬೇಕಾಗುತ್ತದೆ. ಗಡ್ಡ, ಕಿವಿಯ ಮುಂದೆ ಜೋಲಾಡುವ ಸುರುಳಿ ಕೂದಲು, ದೊಡ್ಡ ಟೊಪ್ಪಿ. ಪ್ಯಾರಿಸ್‌ನ ಯಹೂದಿ ಬೀದಿಯ ಜನ ಇವನೇ ನ್ಯೂಯಾರ್ಕಿನಿಂದ ಬಂದ ರಬ್ಬಿ ಅಂತ ಎತ್ತಿಕೊಂಡು ಕುಣಿಯುತ್ತಾರೆ. ಇವನೂ ಕುಣಿಯುತ್ತಾನೆ. ಶುರುವಿನಲ್ಲಿ ಹೆದರಿ, ಆಮೇಲೆ ಮೈಮರೆತು. ಐವತ್ತೊಂಬತ್ತರ ವಯಸ್ಸಿನ ಮನುಷ್ಯ ಅಂತ ನಂಬುವುದು ಕಷ್ಟ. ಅದಕ್ಕೂ ಮುಂಚೆ ಚ್ಯೂಯಿಂಗ್ ಗಮ್ ಕಾರ್ಖಾನೆಯಲ್ಲಿ ಹಸಿರು ಅಂಟಿನ ತೊಟ್ಟಿಗೆ ಬೀಳುತ್ತಾನೆ. ಆ ಭಾಗ ಐದು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ಉಳಿದದ್ದು ಅರ್ಥವಾಗಬೇಕಾದರೆ ಹಿನ್ನೆಲೆ ಬೇಕು. ಇಸ್ರೇಲ್ ಮತ್ತು ಅರಬ್ ದೇಶಗಳ ನಡುವೆ ಯುದ್ಧ ನಡೆಯುತ್ತಿದ್ದಾಗಲೇ, 1973ರ ಅಕ್ಟೋಬರ್ 18ರಂದು ಇದು ಬಿಡುಗಡೆಯಾಯಿತು. ಅವತ್ತೇ ಸಿನಿಮಾದ ಪ್ರಚಾರ ನೋಡಿಕೊಳ್ಳುತ್ತಿದ್ದವನ ಹೆಂಡತಿ ಪ್ಯಾರಿಸ್‌ನಿಂದ ನೀಸ್‌ಗೆ ಹೊರಟ ವಿಮಾನವನ್ನು ಅಪಹರಿಸಿದಳು. ಸಿನಿಮಾ ನಿಲ್ಲಿಸಬೇಕು ಅನ್ನುವುದೂ ಅವಳ ಬೇಡಿಕೆಯಾಗಿತ್ತು. ವಿಮಾನ ಮಾರ್ಸೇಯಲ್ಲಿ ಇಳಿದ ಮೇಲೆ ಪೊಲೀಸರ ಗುಂಡಿಗೆ ಸತ್ತಳು. ನಗಿಸಲು ಮಾಡಿದ ಸಿನಿಮಾದ ಮೇಲೆ ಇಂಥ ನೆರಳು ಇದೆ ಅಂತ ತಿಳಿದು ನೋಡಿದರೆ ಆ ಕುಣಿತ ಬೇರೆ ಥರ ಕಾಣುತ್ತದೆ. ಒಂದು ಕಡೆ ಮೈ ಬಣ್ಣದ ಮೇಲಿನ ತಮಾಷೆಯೂ ಇದೆ. ಬೈಸಿಕೊಳ್ಳುವುದು ಪಿವೇರ್‌ನೇ, ಆದರೂ ಹದಿಹರೆಯದ ಮಕ್ಕಳ ಜೊತೆ ನೋಡಿದರೆ ಆಮೇಲೆ ನಾಲ್ಕು ಮಾತಾಡಬೇಕಾಗುತ್ತದೆ. ಹಾಗಾಗಿ ಇದನ್ನು ಮೂರನೆಯದಾಗಿ ಇಟ್ಟುಕೊಳ್ಳಿ.

ಲೆಲ್ ಉ ಲ ಕ್ವೀಸ್

ಹೆಸರಿನ ಅರ್ಥ 'ರೆಕ್ಕೆಯೋ ತೊಡೆಯೋ', ಅಂದರೆ ಕೋಳಿಯ ಯಾವ ಪೀಸು ಬೇಕು ಅಂತ. 1976, ಕ್ಲೋದ್ ಜಿದಿ ನಿರ್ದೇಶನ. ಹೃದಯಾಘಾತದ ನಂತರ ಮೊದಲು ಬಂದದ್ದು. ಮುಂಚಿನ ಹಾಗೆ ಓಡಿ ಹಾರುವ ಹಾಗಿಲ್ಲ, ಇವನಿಗೆ ವಿಮೆ ಮಾಡಿಸುವುದೇ ನಿರ್ಮಾಪಕರಿಗೆ ತಲೆನೋವಾಗಿತ್ತು. ಮಗನ ಪಾತ್ರಕ್ಕೆ ಆಗ ಯುವಕರ ಮೆಚ್ಚಿನ ಹಾಸ್ಯಗಾರ ಕೊಲುಷ್ ಬಂದ.

ಇಲ್ಲಿ ದ ಫ್ಯುನೆಸ್ ಹೋಟೆಲುಗಳಿಗೆ ಅಂಕ ಕೊಡುವ ಪುಸ್ತಕದ ಒಡೆಯ. ಗುರುತು ಸಿಗಬಾರದೆಂದು ಮುದುಕಿಯ ವೇಷದಲ್ಲಿ ಹೋಗಿ ಊಟ ಮಾಡುತ್ತಾನೆ. ಅವನ ಎದುರಾಳಿ ತ್ರಿಕತೆಲ್, ಕಾರ್ಖಾನೆಯಲ್ಲಿ ಊಟ ತಯಾರಿಸುವವನು. ಹಿಂದೊಮ್ಮೆ ಅಂಕ ಕಳೆದುಕೊಂಡಿದ್ದ ಹೋಟೆಲಿನವನು ಬಂದೂಕು ತೋರಿಸಿ ಹಳಸಿದ್ದನ್ನೆಲ್ಲ ತಿನ್ನಿಸುತ್ತಾನೆ, ನಾಲಿಗೆಯ ರುಚಿಯೇ ಹೋಗಿಬಿಡುತ್ತದೆ. ಆಮೇಲೆ ಎಲ್ಲರೆದುರು ವೈನ್ ಗುರುತಿಸಬೇಕು. ನಾಲಿಗೆ ಸತ್ತಿದೆ. ಲೋಟ ಎತ್ತಿ ಬೆಳಕಿಗೆ ಹಿಡಿಯುತ್ತಾನೆ, ಓರೆ ಮಾಡುತ್ತಾನೆ, ಗಾಜಿನ ಮೇಲೆ ಜಾರುವ ವೈನನ್ನು ನೋಡುತ್ತಾನೆ. ಕಣ್ಣಿನಿಂದಲೇ ಊರು, ತೋಟ, ವರ್ಷ ಎಲ್ಲ ಹೇಳಿಬಿಡುತ್ತಾನೆ. ಕುಣಿತವಿಲ್ಲ, ಕಿರುಚಾಟವಿಲ್ಲ. ಕುತ್ತಿಗೆ, ಕಣ್ಣು, ಎರಡು ಬೆರಳು, ಅಷ್ಟೇ. ಕಟ್ಟಿಹಾಕಿದ ಮೈಯಿಂದಲೂ ಈತ ಏನು ತೆಗೆಯಬಲ್ಲ ಅಂತ ನನಗೆ ಗೊತ್ತಾದದ್ದು ಅಲ್ಲಿ.

ಮನೆಮಂದಿಯೆಲ್ಲ ಕೂತು ನೋಡಲು ನಾನು ಮೊದಲು ಹೇಳುವುದು ಇದನ್ನೇ. ಊಟದ ವಿಷಯ ಯಾರಿಗೆ ಅರ್ಥವಾಗುವುದಿಲ್ಲ? ಪ್ಯಾಕೆಟ್ ಸಾಂಬಾರ್ ಪುಡಿಯ ಬಗ್ಗೆ ಜಗಳವಾಡುವ ಮನೆಗಳಲ್ಲಿ ಅರ್ಧ ಸಿನಿಮಾ ತಾನಾಗಿ ಅರ್ಥವಾಗುತ್ತದೆ. ಬಸವನಹುಳು, ಸಿಂಪಿ ಎಲ್ಲ ತಟ್ಟೆಗೆ ಬರುತ್ತವೆ, ಶುದ್ಧ ಸಸ್ಯಾಹಾರಿಗಳು ಮುಖ ಕಿವುಚಬಹುದು. ಆದರೆ ಅಲ್ಲಿ ದ ಫ್ಯುನೆಸ್ ಕೂಡ ಮುಖ ಕಿವುಚುತ್ತಲೇ ತಿನ್ನುವುದು.

ಹಳೆಯದು ಬೇಕು ಅನ್ನುವವರಿಗೆ

ಸಿನಿಮಾ ಹುಚ್ಚಿನವರು 1956ರ 'ಲ ತ್ರಾವೆರ್ಸೆ ದ ಪಾರಿ' ನೋಡಬೇಕು. ಯುದ್ಧದ ನಡುವೆ ಕಾಳಸಂತೆಯ ಹಂದಿಮಾಂಸವನ್ನು ಸೂಟ್‌ಕೇಸುಗಳಲ್ಲಿ ತುಂಬಿ ರಾತ್ರಿ ಪ್ಯಾರಿಸ್ ದಾಟಿಸುವ ಕಥೆ. ಜ್ಯಾಂ ಗಬಾಂ, ಬೂರ್ವಿಲ್ ಮುಖ್ಯ. ದ ಫ್ಯುನೆಸ್ ಆ ಮಾಂಸ ಮಾರುವ ಅಂಗಡಿಯವನು, ಇರುವುದು ಕೆಲವೇ ನಿಮಿಷ. ಗಬಾಂ ಜಾಸ್ತಿ ದುಡ್ಡು ಕೀಳಲು ಅವನ ಹೆಸರನ್ನು, ವಿಳಾಸವನ್ನು ಬೇಕೆಂದೇ ಕೂಗಿ ಹೇಳುತ್ತಾನೆ. ಪ್ರತಿ ಕೂಗಿಗೂ ಇವನು ಒಂದಿಂಚು ಕುಗ್ಗುತ್ತಾನೆ. ಮುಂದೆ ಬರಲಿದ್ದ ದ ಫ್ಯುನೆಸ್ ಪೂರ್ತಿ ಆ ನೆಲಮಾಳಿಗೆಯಲ್ಲೇ ಇದ್ದಾನೆ. ನಗು ಕಡಿಮೆ, ಕಹಿ ಜಾಸ್ತಿ. ವಾರಾಂತ್ಯದ ಮೋಜಿಗೆ ಬೇಡ.

1971ರ 'ಲ ಫೋಲಿ ದೆ ಗ್ರಾಂದರ್' ಬಗ್ಗೆ ತುಂಬಾ ಜನ ಕೇಳುತ್ತಾರೆ. ಬೂರ್ವಿಲ್ ಆಡಬೇಕಿತ್ತು, 1970ರಲ್ಲಿ ತೀರಿಕೊಂಡದ್ದರಿಂದ ಇವ್ ಮೊಂತಾಂ ಬಂದ. ದುರಾಸೆಯ ಮಂತ್ರಿಯನ್ನು ಸೇವಕ ಚಿನ್ನದ ನಾಣ್ಯಗಳ ಸದ್ದಿನಿಂದ ಎಬ್ಬಿಸುತ್ತಾನೆ. ಫ್ರೆಂಚಿನಲ್ಲಿ 'ಹೊತ್ತು' ಮತ್ತು 'ಚಿನ್ನ' ಎರಡೂ ಪದ ಕೇಳಲು ಹತ್ತಿರ ಹತ್ತಿರ, ಇಡೀ ದೃಶ್ಯ ನಿಂತಿರುವುದು ಆ ಶ್ಲೇಷೆಯ ಮೇಲೆ. ಸಬ್‌ಟೈಟಲ್‌ನಲ್ಲಿ ಅದು ಸತ್ತುಹೋಗುತ್ತದೆ. ಫ್ರೆಂಚ್ ಕಲಿಯುತ್ತಿರುವವರಿಗೆ ಹಬ್ಬ, ಉಳಿದವರಿಗೆ ಅರ್ಧ ಹಬ್ಬ. ಹಾಗೆಯೇ 1980ರ 'ಲಾವಾರ್', ಮೊಲಿಯೇರ್‌ನ ಜಿಪುಣನ ನಾಟಕ. ಈತನ ದೊಡ್ಡ ಕನಸಾಗಿತ್ತು, ನಿರ್ದೇಶನದಲ್ಲೂ ಕೈಜೋಡಿಸಿದ. ಅಭಿಮಾನಿಯಾದ ಮೇಲೆ ನೋಡಿ, ಮುಂಚೆ ಬೇಡ.

ಕಾಸು ಮತ್ತು ಡಿಸ್ಕಿನ ತಾಪತ್ರಯ

ಒಂದೇ ಸಿನಿಮಾ ನೋಡಿ ಬಿಡುವವರು ಡಿಸ್ಕ್ ಕೊಳ್ಳಬೇಡಿ, ಬಾಡಿಗೆಗೆ ಸಿಗುತ್ತದಾ ನೋಡಿ. ದುಡ್ಡು ಕೊಡುವ ಮುಂಚೆ ಇಂಗ್ಲಿಷ್ ಸಬ್‌ಟೈಟಲ್ ಇದೆಯಾ ಅಂತ ಖಚಿತಪಡಿಸಿಕೊಳ್ಳಿ. ಇಂಗ್ಲಿಷ್ ಡಬ್ಬಿಂಗ್ ಸಿಕ್ಕಿದರೂ ಬೇಡ. ಈತ ಅರ್ಧ ವಾಕ್ಯ ನುಂಗಿ, ಗುರ್ ಅಂದು, ಸಿಳ್ಳೆಯಂಥ ಸದ್ದು ಮಾಡಿ ಮಾತಾಡುವವನು. ಇನ್ನೊಬ್ಬರ ಗಂಟಲು ಅಂಟಿಸಿದರೆ ಉಪ್ಪಿಲ್ಲದ ಸಾರು.

ಎರಡು ಮೂರು ಸಿನಿಮಾ ಇಷ್ಟಪಟ್ಟು ಮನೆಯಲ್ಲಿ ಇಟ್ಟುಕೊಳ್ಳಬೇಕು ಅನ್ನಿಸಿದರೆ ಫ್ರಾನ್ಸಿನ ಡಿಸ್ಕುಗಳೇ ಚೆನ್ನ, ಆದರೆ ನಾನು ಬಿದ್ದ ಗುಂಡಿಗೆ ನೀವು ಬೀಳಬೇಡಿ. ಯಾವ ಪ್ರದೇಶದ ಪ್ಲೇಯರಿನಲ್ಲಿ ಓಡಬೇಕು ಅಂತ ಡಿಸ್ಕಿಗೆ ಒಂದು ಗುರುತು ಹಾಕಿರುತ್ತಾರೆ, ಅದೇ ರೀಜನ್. ಫ್ರಾನ್ಸಿನ ಡಿವಿಡಿ ರೀಜನ್ 2, ನಮ್ಮದು 5. ಬ್ಲೂ-ರೇ ಆದರೆ ಅಲ್ಲಿ ಬಿ, ಇಲ್ಲಿ ಸಿ. ಲಂಡನ್ ಅಥವಾ ದುಬೈಯಲ್ಲಿರುವ ಕನ್ನಡಿಗರಿಗೆ ಈ ತೊಂದರೆ ಇಲ್ಲ, ಅಲ್ಲಿಯೂ ರೀಜನ್ 2 ಮತ್ತು ಬಿ ನಡೆಯುತ್ತದೆ. ಅಮೆರಿಕದವರಿಗೆ ನಮ್ಮದೇ ಪಾಡು. ಡಬ್ಬಿಯ ಹಿಂದೆ ಸಬ್‌ಟೈಟಲ್ ಅಂತ ಬರೆದಿದ್ದರೆ ಖುಷಿಪಡಬೇಡಿ, ಬಹಳ ಸಲ ಅದು ಕಿವಿ ಕೇಳಿಸದವರಿಗೆಂದು ಹಾಕಿದ ಫ್ರೆಂಚ್ ಸಬ್‌ಟೈಟಲ್ ಆಗಿರುತ್ತದೆ. ಲ್ಯಾಪ್‌ಟಾಪಿನ ಡಿವಿಡಿ ಡ್ರೈವಿನಲ್ಲಿ ರೀಜನ್ ಬದಲಾಯಿಸಬಹುದು, ಆದರೆ ಸಾಮಾನ್ಯವಾಗಿ ಐದೇ ಸಲ. ಐದನೆಯದು ಆದ ಮೇಲೆ ಅದು ಅಲ್ಲೇ ಗಟ್ಟಿಯಾಗಿ ಕೂತುಬಿಡುತ್ತದೆ. ನನ್ನದರಲ್ಲಿ ಇನ್ನು ಒಂದು ಉಳಿದಿದೆ. ಅತ್ತೆ ಬಂದಾಗಲೆಲ್ಲ 'ಆ ಮೂಗಿನವನನ್ನು ಹಾಕು' ಅನ್ನುವುದರಿಂದ ಡ್ರೈವನ್ನು ಫ್ರಾನ್ಸಿನಲ್ಲೇ ಬಿಟ್ಟಿದ್ದೇನೆ.